ಶೇಕಡಾ ನಾಲ್ಕು ನೀರು

ಪಡುಕಜೆ, ಕಾಪು ತಾಲೂಕು
9 ಜುಲೈ 2024

ಮಾನ್ಯ ಡಾ. ವಿಜೇತಾ ಅವರಿಗೆ ಸುಲೈಮಾನ್ ಮಾಡುವ ವಂದನೆಗಳು.

ನಾನು ಪಡುಕಜೆ ಪ್ರಾಥಮಿಕ ಆರೋಗ್ಯ ಕೇಂದ್ರದ ಫಾರ್ಮಸಿಸ್ಟ್. ಎರಡು ವರ್ಷದ ಹಿಂದೆ ಉಡುಪಿಯಲ್ಲಿ ನಡೆದ ತರಬೇತಿಯಲ್ಲಿ ನಿಮ್ಮ ಪಾಠ ಕೇಳಿದವರಲ್ಲಿ ಒಬ್ಬ. ಮಳೆಗಾಲದಲ್ಲಿ ಪೆಪ್ಪರ್‌ಮಿಂಟ್ ಯಾಕೆ ಕಾಗದಕ್ಕೆ ಅಂಟುತ್ತದೆ ಎಂಬಲ್ಲಿಂದ ಸುರು ಮಾಡಿ, ಒಣಪುಡಿಯ ಔಷಧಕ್ಕೆ ನೀರು ಸೇರಿದರೆ ಏನಾಗುತ್ತದೆ ಎಂದು ಹೇಳಿದ್ದಿರಿ. ಊಟವಾದ ಮೇಲಿನ ಪಾಠವಾದರೂ ಯಾರೂ ತೂಕಡಿಸಿರಲಿಲ್ಲ. ಅಂದು ನೀವು ಕೊಟ್ಟ ಕಾರ್ಡು ನನ್ನಲ್ಲಿ ಉಂಟು. ಮಣಿಪಾಲದ ನಿಮ್ಮ ಪ್ರಯೋಗಾಲಯದ ವಿಳಾಸ ಅದರಿಂದಲೇ ಸಿಕ್ಕಿತು.

ಈ ಪತ್ರದ ಜೊತೆಗಿನ ಪೆಟ್ಟಿಗೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಮದ್ದಿನ ಬಾಟಲಿಗಳಿವೆ. ಆರು ತೆರೆಯದವು. ಒಂದು ಬಳಸಿದ್ದು. ಅದರ ತಳದಲ್ಲಿ ಕರಗದೆ ಉಳಿದದ್ದನ್ನು ನೀವು ಕಾಣಬಹುದು. ಎಲ್ಲವೂ ಒಂದೇ ಬ್ಯಾಚಿನವು.

ಜೂನ್ 24ರ ಬೆಳಿಗ್ಗೆ 7.20ಕ್ಕೆ ಇಪ್ಪತ್ತೆರಡು ವರ್ಷದ ಹೆಣ್ಣು ರೋಗಿಯೊಬ್ಬರನ್ನು ನಮ್ಮಲ್ಲಿಗೆ ತಂದರು. ಬಲಪಾದಕ್ಕೆ ಕನ್ನಡಿ ಹಾವು, ಅಂದರೆ ಕೊಳಕುಮಂಡಲ, ಕಚ್ಚಿತ್ತು. ಹತ್ತು ಬಾಟಲಿ ಕೊಟ್ಟೆವು. ಮೂರು ಗಂಟೆ ಕಳೆದರೂ ರಕ್ತ ಹೆಪ್ಪುಗಟ್ಟಲಿಲ್ಲ, ವಸಡಿನಿಂದ ಒಸರಲು ಸುರುವಾಯಿತು. ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ಬೇರೆ ತಯಾರಿಕೆಯ ಮದ್ದು ಕೊಟ್ಟರು. ಅಷ್ಟರಲ್ಲಿ ಮೂತ್ರಪಿಂಡ ಕೆಟ್ಟಿತ್ತು. 28ರಂದು ಮಧ್ಯಾಹ್ನ ತೀರಿಕೊಂಡರು.

ಈ ಪುಡಿ ಸಾಧಾರಣವಾಗಿ ಬತ್ತಾಸಿನ ಹಾಗೆ ಬೆಳ್ಳಗೆ, ಹಗುರವಾಗಿ ಬಾಟಲಿಯ ತಳ ತುಂಬಿ ನಿಂತಿರುತ್ತದೆ. ಇದು ಕುಗ್ಗಿ, ಗಾಜಿನ ಅಂಚು ಬಿಟ್ಟು, ಬೆಲ್ಲದ ಹಾಗೆ ತಳಕ್ಕೆ ಅಂಟಿತ್ತು. ಎರಡು ನಿಮಿಷದಲ್ಲಿ ಕರಗಬೇಕಾದದ್ದು ಹದಿನೈದು ನಿಮಿಷ ಹಿಡಿಯಿತು. ನಮ್ಮಲ್ಲಿ ಬೇರೆ ಬ್ಯಾಚ್ ಇರಲಿಲ್ಲ.

ಯಾಕೆ ಹೀಗಾಯಿತು ಎಂದು ನನಗೆ ತಿಳಿಯಬೇಕು. ಸೀಲು ಹಾಕಿದ ವರದಿ ಬೇಡ. ಪತ್ರದಲ್ಲೇ ತಿಳಿಸಿದರೆ ಉಪಕಾರ. ಫೋನಿನಲ್ಲಿ ಮಾತಾಡಿದರೆ ಆಫೀಸಿನ ಎಲ್ಲರಿಗೂ ಕೇಳಿಸುತ್ತದೆ. ವಾಟ್ಸಾಪಿನಲ್ಲಿ ಬಂದದ್ದು ಸಂಜೆಯೊಳಗೆ ಊರಿಡೀ ತಿರುಗುತ್ತದೆ.

ತಮ್ಮ ವಿಶ್ವಾಸಿ,
ಸುಲೈಮಾನ್


ಅಲೆವೂರು
16 ಜುಲೈ 2024

ಸುಲೈಮಾನ್ ಅವರಿಗೆ ನಮಸ್ಕಾರ.

ನಿಮ್ಮ ಪೆಟ್ಟಿಗೆ ಜೋಪಾನವಾಗಿ ಬಂದಿದೆ. ಆ ತರಬೇತಿ ನನಗೆ ಚೆನ್ನಾಗಿ ನೆನಪಿದೆ. ಯಾರೂ ತೂಕಡಿಸಲಿಲ್ಲ ಎಂದು ನೀವು ಬರೆದದ್ದು ಓದಿ ಸಂತೋಷವಾಯಿತು, ಇಂತಹ ಪತ್ರದಲ್ಲಿ ಸಂತೋಷಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

ವಿಷಯ ಹೀಗೆ. ಮದ್ದಿನಲ್ಲಿ ಕೆಲಸ ಮಾಡುವ ಪ್ರತಿಕಾಯಗಳು ಬಲು ಸೂಕ್ಷ್ಮ. ಅವು ಕೆಡದಂತೆ ಸಕ್ಕರೆಯ ಜೊತೆ ಸಾರ್ಬಿಟಾಲ್ ಬೆರೆಸಿ ಒಣಗಿಸುತ್ತಾರೆ. ಸಕ್ಕರೆರಹಿತ ಮಿಠಾಯಿಯಲ್ಲಿ, ಕೆಮ್ಮಿನ ಸಿರಪ್ಪಿನಲ್ಲಿ ನೀವು ದಿನಾ ಕಾಣುವ ಅದೇ ಸಾರ್ಬಿಟಾಲ್. ಒಣಗಿದಾಗ ಅದು ಹರಳಾಗುವುದಿಲ್ಲ, ಗಾಜಾಗುತ್ತದೆ. ಕಿಟಕಿಯ ಗಾಜಿನಂತೆಯೇ ಒಳಗೆ ಕ್ರಮವಿಲ್ಲದ, ಆದರೆ ಗಟ್ಟಿಯಾದ ವಸ್ತು. ಪ್ರತಿಕಾಯಗಳು ಅದರೊಳಗೆ ಸಿಕ್ಕಿಕೊಂಡು ವರ್ಷಗಟ್ಟಲೆ ಅಲ್ಲಾಡದೆ ಕೂರುತ್ತವೆ.

ಗಾಜಿನೊಳಗೂ ಪೂರ್ತಿ ನಿಶ್ಚಲತೆ ಇಲ್ಲ. ಬೆಳಿಗ್ಗೆ ಒಂಬತ್ತರ ಶಿರ್ವ ಬಸ್ಸನ್ನು ನೆನೆಸಿಕೊಳ್ಳಿ. ಒಳಗಿದ್ದವರು ಜಾಗ ಬದಲಿಸಲಾರರು, ಆದರೆ ಮೊಣಕೈ ಆಡಿಸಬಲ್ಲರು. ಅಣುಗಳಿಗೂ ಹೀಗೆ ಎರಡು ಬಗೆಯ ಚಲನೆ. ಜಾಗ ಬಿಟ್ಟು ಜಾಗಕ್ಕೆ ಸರಿಯುವ ದೊಡ್ಡದು, ನಿಂತಲ್ಲೇ ಮಿಸುಕುವ ಸಣ್ಣದು. ನೀರು ಒಳಹೊಕ್ಕರೆ ಈ ಎರಡರ ಲೆಕ್ಕವೂ ತಪ್ಪುತ್ತದೆ. ನೀರು ಹೆಚ್ಚಾದಷ್ಟೂ ಗಾಜು ಕಡಿಮೆ ಬಿಸಿಗೇ ಮೆತ್ತಗಾಗುತ್ತದೆ. ನಾನು ಎಂಟು ವರ್ಷಗಳಿಂದ ಅಳೆಯುತ್ತಿರುವುದು ಇದನ್ನೇ.

ನೀವು ಕಳಿಸಿದ್ದರಲ್ಲಿ ಆ ಗಾಜು ಕುಸಿದಿದೆ. ಎಷ್ಟು ನೀರು ಸೇರಿದೆ ಎಂದು ಅಳೆಯುತ್ತೇನೆ. ಆದರೆ ಮೊದಲು ನಿಮ್ಮಿಂದ ಒಂದು ಬೇಕು. ಈ ಮದ್ದನ್ನು ಇಟ್ಟ ಜಾಗದ ಉಷ್ಣತೆಯ ದಾಖಲೆ. ಫೆಬ್ರವರಿಯಿಂದ ಜೂನ್‌ವರೆಗಿನದ್ದು ಸಾಕು.

ಪ್ರಯೋಗಾಲಯದ ವಿಳಾಸಕ್ಕೆ ಬರೆಯಬೇಡಿ. ಮೇಲಿನ ಮನೆ ವಿಳಾಸಕ್ಕೇ ಕಳುಹಿಸಿ.

ವಿಜೇತಾ


ಪಡುಕಜೆ
24 ಜುಲೈ 2024

ಮಾನ್ಯ ಮೇಡಂ,

ರಿಜಿಸ್ಟರಿನ ಜೆರಾಕ್ಸ್ ಇಟ್ಟಿದ್ದೇನೆ. ದಿನಕ್ಕೆ ಎರಡು ಬಾರಿ ನೋಡಿ ಬರೆದದ್ದು. ಎಲ್ಲೂ ನಾಲ್ಕಕ್ಕಿಂತ ಕೆಳಗಿಲ್ಲ, ಆರಕ್ಕಿಂತ ಮೇಲಿಲ್ಲ.

ಮೊದಲ ಪತ್ರದಲ್ಲಿ ‘ರೋಗಿ’ ಎಂದು ಬರೆದಿದ್ದೆ. ಅವಳು ಹಸ್ನಾ, ನನ್ನ ತಂಗಿ ಆಯಿಶಮ್ಮನ ಮಗಳು. ತಂಗಿಯ ಗಂಡ ತೀರಿಹೋದಾಗ ಹಸ್ನಾಳಿಗೆ ಆರು ವರ್ಷ. ಅಂದಿನಿಂದ ಅವಳ ಶಾಲೆ, ಕಾಲೇಜು, ಜ್ವರ, ಹಲ್ಲುನೋವು ಎಲ್ಲ ನನ್ನ ಜವಾಬ್ದಾರಿ. ಕಾರ್ಕಳದಲ್ಲಿ ಬಿ.ಎಡ್. ಮಾಡುತ್ತಿದ್ದಳು. ಬಕ್ರೀದಿಗೆ ಬಂದವಳು ಒಂದು ವಾರ ಮನೆಯಲ್ಲೇ ನಿಂತಿದ್ದಳು. ಸೋಮವಾರ ಬೆಳಿಗ್ಗೆ ಬಿಸಿನೀರಿನ ಒಲೆಗೆಂದು ಹಿತ್ತಲಿನಲ್ಲಿದ್ದ ಒಣ ತೆಂಗಿನ ಮಡಲಿನ ರಾಶಿಗೆ ಕೈ ಹಾಕಿದಳು. ಹಾವು ಕೆಳಗಿತ್ತು, ಕಾಲಿಗೆ ಕಚ್ಚಿತು.

ರಿಕ್ಷಾದಿಂದ ಇಳಿಯುವಾಗಲೂ ಅವಳಿಗೆ ಧೈರ್ಯ ಇತ್ತು.

“ಮಾಮ, ನಾನು ಸರಿಯಾಗಿ ನೋಡಿದ್ದೇನೆ. ಕನ್ನಡಿ ಹಾವೇ. ಮೈಯಿಡೀ ಕನ್ನಡಿ ಕನ್ನಡಿ,” ಎಂದಳು. ತಂಗಿ ಅಳುತ್ತಿದ್ದಳು. ಹಸ್ನಾ ಅವಳ ಕೈ ಹಿಡಿದು, “ಮಾಮ ಉಂಟಲ್ಲ ಉಮ್ಮ, ಎಂತ ಆಗುದಿಲ್ಲ,” ಎಂದಳು.

ನಮ್ಮ ವೈದ್ಯರು ಡಾ. ಪ್ರತೀಕ್, ಚಿಕ್ಕ ಪ್ರಾಯದವರು. ನಾನು ಬಾಟಲಿಗೆ ನೀರು ಹಾಕಿ ತಿರುಗಿಸುತ್ತಿದ್ದೆ, ಅವರು ಪಕ್ಕದಲ್ಲಿ ಕಾಯುತ್ತಿದ್ದರು. “ಇದು ಯಾಕೆ ಕರಗ್ತಾ ಇಲ್ಲ ಸುಲೈಮಾನ್? ಬೇರೆ ಇಲ್ವಾ?” ಎಂದರು. ಇಲ್ಲ ಎಂದೆ. “ಹಾಗಾದರೆ ಇದನ್ನೇ ಕೊಡುವ. ಕೊಡದೆ ಇರ್ಲಿಕ್ಕೆ ಆಗುದಿಲ್ಲ.”

ಹತ್ತೂ ಬಾಟಲಿ ಹೋದ ಮೇಲೆ ಗಾಜಿನ ಕೊಳವೆಯಲ್ಲಿ ಅವಳ ರಕ್ತ ತೆಗೆದಿಟ್ಟೆವು. ಇಪ್ಪತ್ತು ನಿಮಿಷ ಮುಟ್ಟಬಾರದು. ಆಮೇಲೆ ಓರೆ ಮಾಡಿದರೆ ಹೆಪ್ಪು ಗಟ್ಟಿರಬೇಕು. ಮೂರು ಸಲ ಮಾಡಿದೆವು. ಮೂರು ಸಲವೂ ನೀರಿನ ಹಾಗೆ ಹರಿಯಿತು.

ಮೇಡಂ, ನನಗೆ ಬೇಗ ಉತ್ತರ ಬೇಕು. ತಂಗಿ ದಿನಾ ಕೇಳುತ್ತಾಳೆ, “ಮದ್ದು ಕೊಟ್ಟರೂ ಯಾಕೆ ಹೋದಳು?” ಎಂದು.

ಸುಲೈಮಾನ್


ಅಲೆವೂರು
2 ಆಗಸ್ಟ್ 2024

ಸುಲೈಮಾನ್ ಅವರಿಗೆ,

ಹಸ್ನಾ ನಿಮ್ಮವಳು ಎಂದು ತಿಳಿದು ದುಃಖವಾಯಿತು.

ಫಲಿತಾಂಶ ಇಷ್ಟು. ಪುಡಿಯಲ್ಲಿ ಶೇಕಡಾ 4.1 ನೀರಿದೆ. ಇಷ್ಟು ನೀರಿರುವ ಈ ಮಿಶ್ರಣದ ಗಾಜು 31 ಡಿಗ್ರಿಗೆ ಮೆತ್ತಗಾಗುತ್ತದೆ. ಮೆತ್ತಗಾದ ಮೇಲೆ ಪ್ರತಿಕಾಯಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಆ ಮುದ್ದೆ ವಿಷವನ್ನು ಹಿಡಿಯಲಾರದು. ನಿಮ್ಮ ಬಾಟಲಿಗಳಲ್ಲಿ ಆಗಿರುವುದು ಅದೇ.

ಆದರೆ ನೀವು ಕಳಿಸಿದ ದಾಖಲೆ ಇದಕ್ಕೆ ಹೊಂದುವುದಿಲ್ಲ. ನಾಲ್ಕು, ಐದು, ಆರು ಡಿಗ್ರಿಯಲ್ಲಿದ್ದ ಪುಡಿ ಹೀಗೆ ಕುಸಿಯಲು ಸಾಧ್ಯವಿಲ್ಲ. ಇದು ಎಲ್ಲೋ ಕೆಲವು ದಿನ 31 ಡಿಗ್ರಿ ದಾಟಿದ ಜಾಗದಲ್ಲಿತ್ತು. ಮೇ ತಿಂಗಳ ಸಾಲುಗಳನ್ನು ನೋಡಿದೆ. ಹತ್ತೊಂಬತ್ತು ದಿನ ಸತತವಾಗಿ, ಬೆಳಿಗ್ಗೆಯೂ ಸಂಜೆಯೂ, ಬರೀ ಐದು. ನಿಜವಾದ ಯಂತ್ರ ಹಾಗೆ ಓದುವುದಿಲ್ಲ.

ಆ ದಿನಗಳಲ್ಲಿ ಫ್ರಿಜ್ಜಿಗೆ ಏನಾಗಿತ್ತು?

ವಿಜೇತಾ


ಪಡುಕಜೆ
11 ಆಗಸ್ಟ್ 2024

ಮಾನ್ಯ ಮೇಡಂ,

ನೀವು ಕಂಡುಹಿಡಿದದ್ದು ಸರಿ.

ಮೇ 12ರಂದು ಔಷಧ ಕೋಣೆಯ ಫ್ರಿಜ್ಜಿನ ಕಂಪ್ರೆಸರ್ ಹೋಯಿತು. ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ನಾಳೆ, ನಾಡಿದ್ದು ಎಂದ. ಬಂದದ್ದು 31ಕ್ಕೆ. ಹತ್ತೊಂಬತ್ತು ದಿನ. ಕೋಣೆಗೆ ಪಶ್ಚಿಮದ ಕಿಟಕಿ, ಮೇಲೆ ಶೀಟು. ಮಧ್ಯಾಹ್ನ 34, 35 ಆಗುತ್ತಿತ್ತು. ಲಸಿಕೆಯ ಪೆಟ್ಟಿಗೆ ಬೇರೆ ಉಂಟು, ಅದರಲ್ಲಿ ಲಸಿಕೆ ಬಿಟ್ಟು ಬೇರೇನೂ ಇಡಬಾರದೆಂದು ನಿಯಮ. ನಾನು ನಿಯಮ ಪಾಲಿಸಿದೆ. ಆ ನಿಯಮ ಪಾಲಿಸಿದವನೇ ಈ ರಿಜಿಸ್ಟರಿನಲ್ಲಿ ಸುಳ್ಳು ಬರೆದೆ.

ಯಾಕೆ ಎಂದರೆ ಜೂನ್ ಮೊದಲ ವಾರ ನಮ್ಮ ಕೇಂದ್ರಕ್ಕೆ ಗುಣಮಟ್ಟದ ತಪಾಸಣೆ ಇತ್ತು. ಇಪ್ಪತ್ತಾರು ವರ್ಷದಲ್ಲಿ ನನ್ನ ಕೋಣೆಯ ಮೇಲೆ ಒಂದು ಷರಾ ಬಂದಿರಲಿಲ್ಲ. ಬರಬಾರದೆಂದು ಇತ್ತು. ‘ಇದು ಒಣಪುಡಿ, ಹಾಳಾಗಲಿಕ್ಕಿಲ್ಲ’ ಎಂದು ನನಗೆ ನಾನೇ ಹೇಳಿಕೊಂಡೆ. ತಪಾಸಣೆಗೆ ಬಂದವರು ರಿಜಿಸ್ಟರ್ ತಿರುಗಿಸಿ ನೋಡಿ, “ಎಷ್ಟು ಚಂದದ ಅಕ್ಷರ,” ಎಂದು ಹೋದರು.

ಅವಳು ಸತ್ತದ್ದು ಹಾವಿನಿಂದಲ್ಲ, ನನ್ನಿಂದ. ಇನ್ನೆರಡು ದಿನದಲ್ಲಿ ತಾಲೂಕು ಆರೋಗ್ಯಾಧಿಕಾರಿಯ ಮುಂದೆ ಎಲ್ಲವನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ತಂಗಿಗೆ ಹೇಳಬೇಕು. ಅದು ಹೇಗೆ ಎಂದು ತಿಳಿಯದು.

ನಿಮ್ಮಿಂದ ಒಂದೇ ಸಾಲು ಬೇಕು. ಹೌದು, ಫ್ರಿಜ್ಜಿನಿಂದಲೇ ಆದದ್ದು ಎಂದು ಬರೆಯಿರಿ. ಖಾತ್ರಿಯಾದರೆ ಒಂದು ಕಡೆ ನಿಲ್ಲಬಹುದು.

ಸುಲೈಮಾನ್


ಪಡುಕಜೆ
14 ಸೆಪ್ಟೆಂಬರ್ 2024

ಮಾನ್ಯ ಮೇಡಂ,

ನಿಮ್ಮ ಸಾಲು ಬರಲಿಲ್ಲ. ಪತ್ರ ಕಳೆದುಹೋಯಿತೋ, ನನ್ನಂಥವನಿಗೆ ಬರೆಯಲು ಮನಸ್ಸಾಗಲಿಲ್ಲವೋ. ಎರಡನೆಯದ್ದಾದರೆ ತಪ್ಪು ತಿಳಿಯುವುದಿಲ್ಲ.

ಆಗಸ್ಟ್ 13ರಂದು ಅಧಿಕಾರಿಗೆ ಲಿಖಿತವಾಗಿ ಕೊಟ್ಟೆ. 19ಕ್ಕೆ ಅಮಾನತು ಆದೇಶ ಬಂತು. ಪೇಪರಿನಲ್ಲಿ ಬಂತು. ಶುಕ್ರವಾರ ಮಸೀದಿಯಲ್ಲಿ ನನ್ನ ಪಕ್ಕದ ಜಾಗ ಖಾಲಿ ಇರುತ್ತದೆ. ಎಲ್ಲರೂ ಸ್ವಲ್ಪ ಸರಿದು ನಿಲ್ಲುತ್ತಾರೆ.

ತಂಗಿಗೆ ಹೇಳಿದ ದಿನ ಅವಳು ಅಕ್ಕಿ ಆರಿಸುತ್ತಿದ್ದಳು. ಕೊನೆಯವರೆಗೆ ಕೇಳಿದಳು. ಆಮೇಲೆ, “ಐದು ಅಂತ ಬರೆದದ್ದು ನೀನೇ?” ಎಂದಳು. ಹೌದು ಎಂದೆ. “ಎಷ್ಟು ಸಲ?” ಮೂವತ್ತೆಂಟು ಸಲ ಎಂದೆ. ಅವಳು ಗೆರಸೆ ಕೆಳಗಿಟ್ಟು ಒಳಗೆ ಹೋದಳು. ಬಾಗಿಲ ಹಿಂದಿನಿಂದ, “ಇನ್ನು ಮುಂದೆ ಅವಳ ಹೆಸರು ನಿನ್ನ ಬಾಯಲ್ಲಿ ಬರಬಾರದು,” ಎಂದಳು. ಅಂದಿನಿಂದ ಆ ಮನೆಯ ಅಂಗಳ ಹತ್ತಿಲ್ಲ.

ಸೆಪ್ಟೆಂಬರ್ 2ರಂದು ಮದ್ದಿನ ಕಂಪನಿಯವರು ಇಬ್ಬರು ಹೊರರಾಜ್ಯದಿಂದ ಬಂದಿದ್ದರು. ಬಹಳ ಮರ್ಯಾದೆಯ ಜನ. “ನಮ್ಮ ತಪ್ಪಿದ್ದರೆ ನಾವು ಒಪ್ಪುತ್ತಿದ್ದೆವು,” ಎಂದು ಒಂದು ವರದಿ ತೋರಿಸಿದರು. ಶೇಕಡಾ ಮೂರರವರೆಗೆ ನೀರಿದ್ದರೂ ಈ ಪುಡಿಗೆ ತೊಂದರೆಯಿಲ್ಲ, ಸ್ವಲ್ಪ ನೀರು ಒಳ್ಳೆಯದೇ ಮಾಡುತ್ತದೆ ಎಂದು ಅದರಲ್ಲಿತ್ತು. ಕೊನೆಯ ಪುಟದಲ್ಲಿ ನಿಮ್ಮ ಸಹಿ ಕಂಡೆ. ಮೇಡಂ, ಅದು ಕಂಡಾಗ ನನಗೆ ಸಮಾಧಾನವಾಯಿತು. ಗುರುತಿನವರು ಬರೆದದ್ದು, ಸುಳ್ಳಿರಲಿಕ್ಕಿಲ್ಲ. ನಾಲ್ಕು ಆದದ್ದು ನನ್ನ ಕೋಣೆಯಲ್ಲೇ ಇರಬೇಕು ಎಂದುಕೊಂಡೆ. ತಪ್ಪು ನನ್ನದೇ ಎಂದು ಅವರು ಬರೆದು ತಂದ ಹೇಳಿಕೆಗೆ ಸಹಿ ಹಾಕಿದೆ.

ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ.

ಸುಲೈಮಾನ್


ಅಲೆವೂರು
3 ಅಕ್ಟೋಬರ್ 2024

ಸುಲೈಮಾನ್ ಅವರೇ,

ಈ ಪತ್ರವನ್ನು ನಾಲ್ಕು ಸಲ ಸುರು ಮಾಡಿ ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ನೀವು ಸಹಿ ಕಂಡ ವರದಿ ನಾನು ಬರೆದದ್ದು. 2022ರ ಮಾರ್ಚಿನಲ್ಲಿ. ನಿಮ್ಮ ಪೆಟ್ಟಿಗೆ ತೆರೆದು ಲೇಬಲ್ ನೋಡಿದ ಗಳಿಗೆಯಲ್ಲೇ ನನಗೆ ತಿಳಿಯಿತು. ಅದಕ್ಕಾಗಿಯೇ ಮನೆಯ ವಿಳಾಸ ಕೊಟ್ಟೆ. ಅದಕ್ಕಾಗಿಯೇ ಮೊದಲು ನಿಮ್ಮ ಉಷ್ಣತೆಯ ದಾಖಲೆ ಕೇಳಿದೆ. ತಪ್ಪು ನಿಮ್ಮ ಕೋಣೆಯಲ್ಲಿರಲಿ ಎಂದು ಬಯಸಿದೆ. ಮೇ ತಿಂಗಳ ಐದುಗಳು ಕಂಡಾಗ ನನಗೆ ಉಸಿರು ಬಂದಂತಾಯಿತು. ಇದನ್ನು ಬರೆಯದೆ ಉಳಿದದ್ದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಕಂಪನಿ ಕೇಳಿದ್ದು ಇಷ್ಟು. ಅಲ್ಲಿಯವರೆಗೆ ಅವರು ಪುಡಿಯಲ್ಲಿ ಶೇಕಡಾ ಒಂದಕ್ಕಿಂತ ಹೆಚ್ಚು ನೀರು ಬಿಡುತ್ತಿರಲಿಲ್ಲ. ಮೂರರವರೆಗೆ ಬಿಡಬಹುದಾದರೆ ಒಣಗಿಸುವ ಕೆಲಸದಲ್ಲಿ ಒಂದು ದಿನ ಉಳಿಯುತ್ತದೆ. ಬಿಡಬಹುದೇ?

ನಾನು ಅಳೆದೆ. ನಿಮಗೆ ಬಸ್ಸಿನ ಮಾತು ಬರೆದಿದ್ದೆ. ನೀರು ಸ್ವಲ್ಪವೇ ಇದ್ದಾಗ ಸಾರ್ಬಿಟಾಲಿನ ಗಾಜಿನಲ್ಲಿ ಒಂದು ವಿಚಿತ್ರ ನಡೆಯುತ್ತದೆ. ನೀರಿನ ಅಣು ಸಂದುಗಳಲ್ಲಿ ತೂರಿಕೊಂಡು ಸಣ್ಣ ಮಿಸುಕಾಟವನ್ನು ಇನ್ನೂ ನಿಧಾನ ಮಾಡುತ್ತದೆ. ಮೊಣಕೈ ಆಡಿಸಲೂ ಜಾಗವಿಲ್ಲದಂತೆ. ತಂಪಿನಲ್ಲಿ ಪ್ರತಿಕಾಯಗಳಿಗೆ ಇದು ಒಳ್ಳೆಯದೇ. ಆದರೆ ಅದೇ ನೀರು ದೊಡ್ಡ ಚಲನೆಯನ್ನು ಬೇಗಗೊಳಿಸುತ್ತದೆ. ಸೆಕೆ ಏರಿದರೆ ಇಡೀ ಗಾಜು ಸರಿದು ಹರಿಯುತ್ತದೆ. ಎರಡನ್ನೂ ಅಳೆದಿದ್ದೆ. ಎರಡೂ ಕರಡಿನಲ್ಲಿದ್ದವು. ಕೊನೆಗೊಂದು ಸಾಲು ಬರೆದಿದ್ದೆ: ‘ಮೂವತ್ತು ಡಿಗ್ರಿ ಮೀರುವ ಜಾಗದಲ್ಲಿ ಈ ತೀರ್ಮಾನ ಅನ್ವಯಿಸದು, ಅಲ್ಲಿ ಒಂದಕ್ಕಿಂತ ಹೆಚ್ಚು ನೀರು ಅಪಾಯ.’

ನಮ್ಮ ನಿರ್ದೇಶಕ ತಾರಾನಾಥರು ಓದಿ, “ವಿಜೇತಾ, ಅವರು ಕೇಳಿದ್ದು ಇಪ್ಪತ್ತೈದು ಡಿಗ್ರಿಗೆ ಮಾತ್ರ ಅಲ್ವಾ? ಲೇಬಲಿನಲ್ಲೂ ಹಾಗೇ ಉಂಟು. ಮೂವತ್ತರ ಮಾತು ನಮಗೆ ಎಂತಕ್ಕೆ?” ಎಂದರು. ಅವರು ಗದರಿಸಲಿಲ್ಲ, ಒತ್ತಾಯಿಸಲೂ ಇಲ್ಲ. ಹೇಳಿ ಊಟಕ್ಕೆ ಹೋದರು. ನಾನು ಸಾಲನ್ನು ಅಳಿಸಿದೆ. ಆಮೇಲೆ ನಾನೂ ಊಟಕ್ಕೆ ಹೋದೆ.

ನಿಮ್ಮ ಆಗಸ್ಟಿನ ಪತ್ರ ಬಂದ ಮೇಲೆ ಪ್ರಯೋಗ ಮಾಡಿದೆ. ಕಾರ್ಕಳದ ಕಡೆಯ ಒಂದು ದಾಸ್ತಾನಿನಿಂದ ಅದೇ ಬ್ಯಾಚಿನ ಬಾಟಲಿಗಳನ್ನು ತರಿಸಿದೆ. ಅವು ತಂಪಿನಿಂದ ಒಂದು ದಿನವೂ ಹೊರಗೆ ಬಂದವಲ್ಲ. ಅವುಗಳಲ್ಲೂ ಶೇಕಡಾ ನಾಲ್ಕು ನೀರಿತ್ತು. ಕಾರ್ಖಾನೆಯಿಂದ ಮೂರರ ಹತ್ತಿರ ಹೊರಟದ್ದು. ಉಳಿದದ್ದು ಸರಿಯಾಗಿ ಒಣಗಿಸದ ರಬ್ಬರ್ ಬಿರಡೆಯಿಂದ ಪುಡಿಗೆ ಇಳಿದದ್ದು. ನಿಮ್ಮ ಕೋಣೆಯ ತೇವ ಒಳಗೆ ಹೋಗಲೇ ಇಲ್ಲ. ಆ ಬಾಟಲಿಗಳನ್ನೂ, ಬೇರೆ ಕಡೆಯ ಶೇಕಡಾ ಒಂದು ನೀರಿನ ಬಾಟಲಿಗಳನ್ನೂ ಒಟ್ಟಿಗೆ 34 ಡಿಗ್ರಿಯಲ್ಲಿಟ್ಟೆ. ಹತ್ತೊಂಬತ್ತು ದಿನ. ಒಂದರ ಬಾಟಲಿಗಳಿಗೆ ಏನೂ ಆಗಲಿಲ್ಲ. ನಾಲ್ಕರವು ಆರನೆಯ ದಿನಕ್ಕೇ ಕುಸಿದವು.

ನಿಮ್ಮ ಹತ್ತೊಂಬತ್ತು ದಿನ ಇಲ್ಲದಿದ್ದರೆ ಆ ಪುಡಿ ಬಹುಶಃ ಜೂನ್‌ವರೆಗೆ ಉಳಿಯುತ್ತಿತ್ತು. ನನ್ನ ಸಾಲು ಇದ್ದಿದ್ದರೆ ನಿಮ್ಮ ಹತ್ತೊಂಬತ್ತು ದಿನ ಏನೂ ಮಾಡುತ್ತಿರಲಿಲ್ಲ. ನಾನು ನಿಮ್ಮನ್ನು ನಿರ್ದೋಷಿ ಎನ್ನಲಾರೆ. ಆದರೆ ನೀವು ಒಬ್ಬರೇ ಹೊತ್ತಿರುವುದರಲ್ಲಿ ಹೆಚ್ಚಿನ ಪಾಲು ನನ್ನದು, ಕಂಪನಿಯದು.

ಇದು ಸೆಪ್ಟೆಂಬರ್ 8ರಂದೇ ನನಗೆ ಗೊತ್ತಾಗಿತ್ತು. ನಿಮ್ಮ ಸೆಪ್ಟೆಂಬರ್ 14ರ ಪತ್ರ ಬಂದಾಗಲೂ ನಾನು ಬರೆಯಲಿಲ್ಲ. ಕೆಲಸ ಹೋಗುತ್ತದೆ ಎಂಬ ಭಯ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ನಿನ್ನೆ ಔಷಧ ನಿಯಂತ್ರಕರಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ಅಳತೆಗಳನ್ನೂ ಹಳೆಯ ಕರಡನ್ನೂ ಕಳುಹಿಸಿದ್ದೇನೆ. ಈ ಪತ್ರವನ್ನು ನೀವು ಯಾರಿಗೆ ಬೇಕಾದರೂ ತೋರಿಸಬಹುದು.

ವಿಜೇತಾ


ಪಡುಕಜೆ
12 ಅಕ್ಟೋಬರ್ 2024

ಡಾ. ವಿಜೇತಾ ಅವರಿಗೆ,

ಪತ್ರ ತಲುಪಿತು.

ಆಗಸ್ಟ್ 11ರಿಂದ ಅಕ್ಟೋಬರ್ 3ಕ್ಕೆ ಐವತ್ತಮೂರು ದಿನ. ಆ ದಿನಗಳಲ್ಲಿ ನನ್ನ ತಂಗಿ ನನ್ನನ್ನು ಬಿಟ್ಟಳು. ನೀವು ಪೆಟ್ಟಿಗೆ ತೆರೆದ ದಿನವೇ ಬರೆದಿದ್ದರೂ ಅವಳು ಬಿಡುತ್ತಿದ್ದಳೋ ಏನೋ. ಐದು ಎಂದು ಬರೆದದ್ದು ನಾನೇ ತಾನೆ. ಆದರೆ ನಾನು ಒಬ್ಬನೇ ಎಂದು ಅವಳು ನಂಬುತ್ತಿರಲಿಲ್ಲ. ನಾನೂ ನಂಬುತ್ತಿರಲಿಲ್ಲ.

ಅದೇ ಬ್ಯಾಚು ಇನ್ನೂ ಎಷ್ಟೋ ಊರುಗಳಲ್ಲಿ ಇತ್ತು. ಸೆಪ್ಟೆಂಬರ್ 8ರ ಮೇಲೆ ಯಾರಿಗಾದರೂ ಹಾವು ಕಚ್ಚಿದ್ದರೆ? ನೀವು ಅದನ್ನು ಲೆಕ್ಕ ಹಾಕಿದ್ದೀರಾ?

ನನಗೆ ಇನ್ನು ಬರೆಯಬೇಡಿ.

ಸುಲೈಮಾನ್


ಅಲೆವೂರು
20 ಜನವರಿ 2025

ಸುಲೈಮಾನ್ ಅವರೇ,

ಬರೆಯಬೇಡಿ ಎಂದಿದ್ದಿರಿ. ನೀವು ಒಂದು ಪ್ರಶ್ನೆಯನ್ನೂ ಕೇಳಿದ್ದಿರಿ. ಅದಕ್ಕೆ ಉತ್ತರ ಈಗ ಸಿಕ್ಕಿದೆ, ಆದ್ದರಿಂದ ಇದೊಂದು ಸಲ.

ನಿಯಂತ್ರಕರು ಎಂಟು ಜಿಲ್ಲೆಗಳಿಂದ ಬಾಟಲಿಗಳನ್ನು ತರಿಸಿ ಪರೀಕ್ಷಿಸಿದರು. ನವೆಂಬರಿನಲ್ಲಿ ಬ್ಯಾಚನ್ನು ಹಿಂದಕ್ಕೆ ಕರೆಸಿದರು. ಕಂಪನಿಯ ಆ ಮದ್ದಿನ ಪರವಾನಗಿ ಅಮಾನತಿನಲ್ಲಿದೆ. ಅದೇ ಬ್ಯಾಚಿನ ಮದ್ದು ಪಡೆದು ಬದುಕದವರು ಹಸ್ನಾಳನ್ನು ಬಿಟ್ಟು ಇಬ್ಬರು. ಒಬ್ಬರು ಏಪ್ರಿಲ್‌ನಲ್ಲಿ, ಬಿಸಿಲಿನ ಊರಿನಲ್ಲಿ, ಮೆಣಸಿನ ಗದ್ದೆಯ ಕೆಲಸದವರು. ಇನ್ನೊಬ್ಬರು ಸೆಪ್ಟೆಂಬರ್ 21ರಂದು. ಹದಿನಾಲ್ಕು ವರ್ಷದ ಹುಡುಗಿ. ಹೆಸರು ಕೇಳಿದೆ, ಕೊಡಲಿಲ್ಲ.

ಸೆಪ್ಟೆಂಬರ್ 8ಕ್ಕೂ 21ಕ್ಕೂ ನಡುವೆ ಹದಿಮೂರು ದಿನ. ಬ್ಯಾಚು ಹಿಂದೆ ಬರಲು ಅಷ್ಟು ಸಾಕಾಗುತ್ತಿರಲಿಲ್ಲ ಎಂದು ವಕೀಲರು ಹೇಳುತ್ತಾರೆ. ನನಗೆ ಹಾಗೆ ಹೇಳಿಕೊಳ್ಳಲು ಬರುತ್ತಿಲ್ಲ.

ಡಿಸೆಂಬರ್ 18ರಂದು ಕೋರ್ಟಿನ ವಿಚಾರಣೆಯಲ್ಲಿ, ತರಬೇತಿಯ ನಂತರ ಮೊದಲ ಸಲ ನಿಮ್ಮನ್ನು ನೋಡಿದೆ. ನೀವು ಕಿಟಕಿಯ ಬದಿಯಲ್ಲಿ ಕುಳಿತಿದ್ದಿರಿ. ನಾನು ಹೇಳಿಕೆ ಕೊಡುವಾಗ ನೀವು ತಲೆ ಎತ್ತಲಿಲ್ಲ. ತಾರಾನಾಥರು ತಮಗೆ ಆ ಸಾಲಿನ ನೆನಪೇ ಇಲ್ಲ ಎಂದರು. ಬಹುಶಃ ನಿಜವಾಗಿಯೂ ಇರಲಿಕ್ಕಿಲ್ಲ. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ನನ್ನ ಮೇಲೂ ಕೇಸು ನಡೆಯುತ್ತದೆ, ನಡೆಯಲಿ.

ನಿಮ್ಮ ತಂಗಿಗೆ ಹೇಳಬೇಕೆಂದರೆ ಹೇಳಿ. ಬೇಡವೆಂದರೆ ಬೇಡ.

ವಿಜೇತಾ


ಪಡುಕಜೆ
3 ಏಪ್ರಿಲ್ 2025

ಡಾ. ವಿಜೇತಾ ಅವರಿಗೆ,

ಅಮಾನತು ತೆಗೆದಿದ್ದಾರೆ. ರಿಜಿಸ್ಟರಿನ ಸುಳ್ಳಿಗೆ ಶಿಕ್ಷೆ ಉಂಟು, ಅದು ನ್ಯಾಯವೇ. ಕಾರ್ಕಳ ತಾಲೂಕಿಗೆ ವರ್ಗವಾಗಿದೆ. ಮುಂದಿನ ವಾರ ಹೋಗಬೇಕು.

ನಾನು ಈಗ ಬರೆಯುತ್ತಿರುವುದು ನನಗಾಗಿ ಅಲ್ಲ.

ಮೊನ್ನೆ ಸೋಮವಾರ ಪೆರ್ನಾಲ್, ಅಂದರೆ ರಂಜಾನ್ ಹಬ್ಬ. ನಮಾಜು ಮುಗಿಸಿ ಬರುವಾಗ ಕಾಲು ತನ್ನಷ್ಟಕ್ಕೆ ತಂಗಿಯ ಮನೆಯ ಕಡೆ ತಿರುಗಿತು. ಏಳು ತಿಂಗಳಾಗಿತ್ತು. ಅಂಗಳದ ಹೊರಗೆ ನಿಂತೆ. ಅವಳು ಬಾಗಿಲಿಗೆ ಬಂದಳು, ತುಂಬ ಹೊತ್ತು ನೋಡಿದಳು. ಆಮೇಲೆ ಒಳಗಿನಿಂದ ಒಂದು ಕುರ್ಚಿ ತಂದು ಜಗಲಿಯಲ್ಲಿಟ್ಟಳು. ಹಬ್ಬದ ತಿಂಡಿ ಏನೂ ಮಾಡಿರಲಿಲ್ಲ.

“ಆ ಹೆಂಗಸು ಬರೆದ ಕಾಗದ ಉಂಟಂತೆ. ಕೋರ್ಟಿಗೆ ಹೋದವರು ಹೇಳಿದರು. ತಾ,” ಎಂದಳು.

ಮನೆಗೆ ಹೋಗಿ ಎಲ್ಲ ಪತ್ರಗಳನ್ನು ತಂದೆ. “ಓದು,” ಎಂದಳು. ನಿಮ್ಮ ಮೊದಲ ಪತ್ರದಿಂದ ಕೊನೆಯ ಪತ್ರದವರೆಗೆ ಓದಿದೆ. ಅರ್ಥವಾಗದ ಕಡೆ ನಿಲ್ಲಿಸಿ ನಮ್ಮ ಭಾಷೆಯಲ್ಲಿ ಹೇಳಿದೆ. ಹಸ್ನಾಳ ಹೆಸರು ಬಂದಲ್ಲೆಲ್ಲ ಅದನ್ನು ಬಿಟ್ಟು ಮುಂದೆ ಓದಿದೆ.

ಮುಗಿದ ಮೇಲೆ ಕೇಳಿದಳು. “ಮೂವತ್ತು ಡಿಗ್ರಿ ಅಂದರೆ ಎಷ್ಟು?”

“ಈಗ ಇಲ್ಲಿ ಇರುವ ಸೆಕೆ ಉಂಟಲ್ಲ, ಇಷ್ಟೇ. ಇದಕ್ಕಿಂತ ಸ್ವಲ್ಪ ಕಡಿಮೆಯೇ,” ಎಂದೆ.

ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಅವಳೂ ಇಲ್ಲಿಯವಳೇ ಅಲ್ವಾ? ಅಲೆವೂರಲ್ಲಿ ಸೆಕೆ ಆಗುದಿಲ್ವಾ?”

ನಾನು ಪತ್ರಗಳನ್ನು ಮಡಚತೊಡಗಿದೆ.

ಅವಳು ಹೇಳಿದಳು: “ಕಾಗದ ಸಾಕು. ಬರಲಿಕ್ಕೆ ಹೇಳು. ನನ್ನ ಎದುರು ಕೂತು ಹೇಳಲಿ.”

“ಬಂದರೆ ನೀನು ಎಂತ ಮಾಡ್ತಿ?” ಎಂದೆ. “ಅದು ನಿನಗೆ ಎಂತಕ್ಕೆ?” ಎಂದಳು.

ಏಪ್ರಿಲ್ 13, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ. ಉಡುಪಿಯಿಂದ ಕಾಪುವಿಗೆ ಬಂದು ಶಿರ್ವದ ಬಸ್ಸು ಹಿಡಿಯಿರಿ. ಪಡುಕಜೆ ಕಟ್ಟೆಯಲ್ಲಿ ಇಳಿದರೆ ಎಡಕ್ಕೆ ಮಣ್ಣಿನ ದಾರಿ ಉಂಟು. ಮೂರನೆಯ ಮನೆ, ಹಸಿರು ಗೇಟು. ಹಿತ್ತಲಿನ ಮಡಲಿನ ರಾಶಿ ಈಗ ಇಲ್ಲ, ಜಾಗ ಬೋಳಾಗಿದೆ. ಆದರೂ ನೋಡಿ ನಡೆಯಿರಿ.

ನಾನು ಅಲ್ಲಿ ಇರುವುದಿಲ್ಲ. ಇರಬಾರದು ಎಂದು ಅವಳೇ ಹೇಳಿದ್ದಾಳೆ. ಒಬ್ಬಳೇ ಇರುತ್ತಾಳೆ.

ಅವಳು ಏನು ಕೇಳುತ್ತಾಳೋ ನನಗೆ ಗೊತ್ತಿಲ್ಲ. ಬಸ್ಸು, ಮೊಣಕೈ, ಗಾಜು ಎಂದೆಲ್ಲ ಹೇಳಬೇಡಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಅವಳು ಏನೂ ಕೇಳದಿದ್ದರೆ, ಎದ್ದು ಹೋಗು ಎನ್ನುವವರೆಗೆ ಸುಮ್ಮನೆ ಕೂತಿರಿ.

ಸುಲೈಮಾನ್